ಚಿಗರಿ ಸುಮ್ಮನಾದ ಅಧ್ಯಾಯ

ಬಸ್ಸು ಇನ್ನೂ ಸಿಂಧನೂರಿನ ಸ್ಟ್ಯಾಂಡಿನಲ್ಲೇ ಇತ್ತು. ಈಗಲೂ ಇಳಿದುಬಿಡಬಹುದು ಎಂದುಕೊಂಡ ನಿಂಗರಾಜ. ಹೊಟ್ಟೆ ಕೆಟ್ಟಿದೆ, ಜ್ವರ ಬಂದಿದೆ, ಹೆಂಡತಿಗೆ ಆರಾಮಿಲ್ಲ, ಯಾವುದಾದರೊಂದು ನೆಪ ಹೇಳಿ ಫೋನು ಮಾಡಿದರೆ ಮುಗಿಯಿತು, ಲಿಂಗಸುಗೂರಿನವರೇನು ಅಟ್ಟಿಸಿಕೊಂಡು ಬರುತ್ತಾರೆಯೇ? ಭಾನುವಾರದ ದಿನ ಇಷ್ಟು ಬಿಸಿಲಿನಲ್ಲಿ ತನ್ನ ಪುಸ್ತಕದ ಬಗ್ಗೆ ನಾಲ್ಕು ಜನ ಏನೆನ್ನುತ್ತಾರೆ ಎಂದು ಕೇಳಲು ತಾನೇ ಟಿಕೆಟ್ಟು ಕೊಂಡು ಹೋಗುವುದೆಂದರೆ ತನ್ನ ತಿಥಿಯೂಟಕ್ಕೆ ತಾನೇ ಹೊರಟಂತೆ. ಹಾಗೆಂದು ಇಳಿಯಲೂ ಇಲ್ಲ. ಇಳಿದರೆ ಹೆದರಿದ ಎನ್ನುತ್ತಾರೆ. ಇನ್ಯಾರೂ ಅನ್ನದಿದ್ದರೂ ತಾನೇ ಅಂದುಕೊಳ್ಳುತ್ತೇನೆ, ಅದು ಇನ್ನೂ ಕೆಟ್ಟದ್ದು. ನಿನ್ನೆ ಪ್ರಕಾಶಕ ಹನುಮಂತರಾಯರು ಫೋನಿನಲ್ಲಿ ಅಡ್ಡಗೋಡೆಯ ಮೇಲೆ ದೀಪ ಇಡದೆ ನೇರವಾಗಿಯೇ ಹೇಳಿದ್ದರು: "ನೋಡ್ರಿ ನಿಂಗರಾಜ, ಮೂರನೇ ಭಾಗ ಬರೀತೀರೋ ಇಲ್ಲೋ, ನಾಳೆ ಸಂಜಿ ಒಳಗ ಹೇಳಿಬಿಡ್ರಿ. ಬರಿಯಂಗಿದ್ರ ಮೊದಲನೇದನ್ನ ಮತ್ತ ಅಚ್ಚು ಹಾಕಸ್ತೀನಿ. ಇಲ್ಲಂದ್ರ ಅರ್ಧ ಕಥಿ ಯಾರು ಒಯ್ತಾರ್ರಿ? ಎಲ್ಲಾ ಕೂಡಿ ಇಲ್ಲಿಗೇ ಬಿಡೂಣು." ಅಂದರೆ ಎರಡನೆಯದು ಸತ್ತಿತ್ತು ಎಂಬುದರಲ್ಲಿ ರಾಯರಿಗೆ ಅನುಮಾನವೇ ಇರಲಿಲ್ಲ. ಮೂರನೆಯದು ಹುಟ್ಟದಿದ್ದರೆ ಜನ ಮೆಚ್ಚಿದ್ದ ಮೊದಲನೆಯದೂ ಅದರ ಜೊತೆಗೇ ಹೋಗುವುದಿತ್ತು. ಸಂಜೆಯೊಳಗೆ ಹೇಳಬೇಕು. ಏನು ಹೇಳಬೇಕೆಂದು ಅವನಿಗೇ ಗೊತ್ತಿರಲಿಲ್ಲ.

ಪಕ್ಕದಲ್ಲಿ ಬಂದು ಕೂತ ಮುದುಕಿ ಬಳೆಯ ಬುಟ್ಟಿಯನ್ನು ಕಾಲ ಸಂದಿಗೆ ಒತ್ತರಿಸಿಕೊಂಡು, ಅವನ ತೊಡೆಯ ಮೇಲಿದ್ದ ದಪ್ಪ ಪುಸ್ತಕವನ್ನು ಇಣುಕಿ ನೋಡಿದಳು. ಬಸ್ಸು ಹೊರಟು ರೈಸ್‌ಮಿಲ್ಲುಗಳನ್ನು ದಾಟುವಷ್ಟರಲ್ಲಿ ಅವಳ ಹೆಸರು ಸುಭಾನಬಿ ಎಂದೂ, ಮಸ್ಕಿಯಲ್ಲಿ ಮಗಳ ಮನೆಗೆ ಹೊರಟಿದ್ದಾಳೆಂದೂ, ಅಳಿಯ ಒಳ್ಳೆಯವನೇ ಆದರೆ ಬಾಯಿ ಜೋರು ಎಂದೂ ಅವನಿಗೆ ಗೊತ್ತಾಗಿಹೋಗಿತ್ತು. "ನಿಮಗ ಮಕ್ಕಳೆಷ್ಟಪಾ?" ಎಂದಳು. "ಇಲ್ಲಮ್ಮ" ಎಂದ. "ಆಗ್ತಾವು ಬಿಡು ಬೇಟಾ, ದೇವರ ಮನ್ಯಾಗ ಏನು ಬರ ಐತಿ" ಎಂದು ಅವಳೇ ಸಮಾಧಾನ ಹೇಳಿದಳು. ಮದುವೆಯಾದ ಹೊಸತರಲ್ಲಿ ಈ ಪ್ರಶ್ನೆಗೆ ಅವನು ಸಿಡಿಮಿಡಿಗೊಳ್ಳುತ್ತಿದ್ದ. ಈಗ ಕೇಳುವವರೂ ಕಡಿಮೆಯಾಗಿದ್ದರು, ಅವನ ಮೈಯೂ ದಡ್ಡುಗಟ್ಟಿತ್ತು. ಮಾತು ತಪ್ಪಿಸಲೆಂದು, ಕೇಳದಿದ್ದರೂ, ಈ ಪುಸ್ತಕ ಬರೆದವನು ನಾನೇ ಎಂದುಬಿಟ್ಟ. ಹೇಳಿದ ಮೇಲೆ ನಾಚಿಕೆಯಾಯಿತು. ಸುಭಾನಬಿ ಮಾತ್ರ ಕಣ್ಣರಳಿಸಿ, "ಹೌದಾ? ಏನೈತಿ ಇದ್ರಾಗ? ಹೇಳು ಮತ್ತ, ಮಸ್ಕಿ ಬರತನಕ ಹೊತ್ತು ಹೋಗ್ಲಿ" ಎಂದು ಸೆರಗು ಸರಿಪಡಿಸಿಕೊಂಡು ಕೂತಳು.

ಹೇಳಿದ. ಒಂದು ನಾಡು, ಅದರ ಹೊಳೆಗೆ ಏಳು ತೂಬು. ಎತ್ತರದ ಕೋಟೆಯಲ್ಲಿ ಕೂತ ಮೇಲ್ದಣಿ ಎಂಬ ಮಾಟಗಾರ ಏಳೂ ತೂಬುಗಳನ್ನು ಮುಚ್ಚಿ, ಕೆಳಗಿನವರಿಗೆ ಹನಿ ನೀರೂ ಇಳಿಯದ ಹಾಗೆ ಮಾಡಿದ್ದಾನೆ. ಕುರಿ ಕಾಯುವ ಚಿಗರಿ ಎಂಬ ಹುಡುಗಿ, ಕಣ್ಣಿಲ್ಲದ ಒಬ್ಬ ನೀರಗಂಟಿ, ಮಾತು ಮರೆತ ಒಬ್ಬ ಕಲ್ಲುಕುಟಿಗ, ಈ ಮೂವರು ಒಂದೊಂದೇ ತೂಬು ತೆರೆಯುತ್ತ ಹೊಳೆಯ ಮೂಲಕ್ಕೆ ಹೊರಟಿದ್ದಾರೆ. ನೀರಾವರಿ ಕಚೇರಿಯ ಗುಮಾಸ್ತನಿಗೆ ಇನ್ನೇನು ಕಥೆ ಹೊಳೆದೀತು ಎಂದು ಗೆಳೆಯರು ಕಾಡಿಸಿದ್ದರೂ ಮೊದಲನೇ ಭಾಗವನ್ನು ಕಾಲೇಜು ಹುಡುಗರು ಕೈಯಿಂದ ಕೈಗೆ ಕಸಿದುಕೊಂಡು ಓದಿದ್ದರು. ಸುಭಾನಬಿ ಪ್ರತಿ ಮಾತಿಗೂ "ಹೂಂ" ಎನ್ನುತ್ತಿದ್ದಳು. ಬರಿಯ ಹೂಂ ಅಲ್ಲ, "ಹೂಂ, ಆಮ್ಯಾಲ?" "ಹೂಂ, ಅಯ್ಯ ಅಲ್ಲಾ, ಹಾವಿನ ಬಾಯಾಗ ಕೈ ಇಟ್ಟಳಾ?" "ಹೂಂ, ಕುರುಡಗ ಹೆಂಗ ಗೊತ್ತಾತು ಅದು?" ಅವನಿಗೆ ಹುರುಪು ಬಂತು, ಕೈ ಆಡಿಸುತ್ತ ಮೂರು ತೂಬುಗಳನ್ನು ಭರಭರ ತೆರೆದುಹಾಕಿದ. ನಾಲ್ಕನೇ ತೂಬು ಇದ್ದ ಕಲ್ಲೂರೆಂಬ ಕೋಟೆಯ ಬಾಗಿಲಿಗೆ ಮೂವರೂ ಬಂದು ನಿಂತಾಗ ಮೊದಲ ಭಾಗ ಮುಗಿಯಿತು. "ಹೂಂ, ಮುಂದ?" ಎಂದಳು. ತೊಡೆಯ ಮೇಲಿದ್ದದ್ದು ಮುಂದಿನದೇ. ನಾನೂರು ಪುಟ. "ಮುಂದ... ಅಲ್ಲೇ ಅದಾರ" ಎಂದ. "ಅಲ್ಲೇ ಯಾಕ ಅದಾರ?" "ಬಾಗಿಲು ತೆರೀಲಿ ಅಂತ ಕಾಯಾಕತ್ತ್ಯಾರ." "ಇಷ್ಟು ದಪ್ಪ ಪುಸ್ತಕ ತುಂಬ ಕಾಯದಾ?" ಎಂದು ಸುಭಾನಬಿ ನಕ್ಕುಬಿಟ್ಟಳು. ಕುಹಕವೇನೂ ಇರಲಿಲ್ಲ ಆ ನಗುವಿನಲ್ಲಿ. ಮಸ್ಕಿಯ ಗುಡ್ಡ ಕಂಡದ್ದೇ ಬುಟ್ಟಿ ಎತ್ತಿಕೊಂಡು, "ಲಗೂನ ತೆಗಿಸಪಾ ಬಾಗಿಲ, ಪಾಪ ಬಿಸಿಲಾಗ ನಿಂತಾರ" ಎಂದು ಹೇಳಿ ಇಳಿದುಹೋದಳು.

ಆ ಗುಡ್ಡವನ್ನೇ ನೋಡಿ ಅವನು ಕಲ್ಲೂರನ್ನು ಕಟ್ಟಿದ್ದು. ಬಂಡೆಯ ಮೇಲೆ ಬಂಡೆ, ಯಾರೋ ಆಟಕ್ಕೆ ಪೇರಿಸಿ ಮರೆತುಹೋದಂತಿದ್ದ ಆ ರಾಶಿಯನ್ನು ಕಂಡಾಗ ಎಂಥ ಸುಖವಾಗಿತ್ತು ಒಂದು ಕಾಲಕ್ಕೆ! ಈಗ ಬಸ್ಸಿನ ಕಿಟಕಿಯಿಂದ ಅದನ್ನು ನೋಡಲಾಗದೆ ಮುಖ ತಿರುಗಿಸಿದ. ಕಥೆಗೆ ಹೂಂಗುಟ್ಟುವವರು ಬೇಕು ಎಂಬುದನ್ನು ಅವನಿಗೆ ಕಲಿಸಿದವಳು ಅವ್ವ, ಕರೆಮ್ಮ. ತುರ್ವಿಹಾಳದ ಗದ್ದೆಗಳಲ್ಲಿ ಹಗಲೆಲ್ಲ ಬಗ್ಗಿ ನಾಟಿ ಹಚ್ಚಿ ಬಂದು, ಸೊಂಟ ಹಿಡಿದುಕೊಂಡು ಒಲೆಯ ಮುಂದೆ ಕೂತು ಅವಳು ಕಥೆ ಹೇಳುವಾಗ ಹೂಂ ಎನ್ನದಿದ್ದರೆ ಅಲ್ಲಿಗೇ ನಿಲ್ಲಿಸಿಬಿಡುತ್ತಿದ್ದಳು. ರಾಜಕುಮಾರಿ ಬಾವಿಯಲ್ಲಿ ಬಿದ್ದಿದ್ದರೆ ಬಿದ್ದೇ ಇರಬೇಕು. ಎಷ್ಟು ಗೋಗರೆದರೂ ಮೇಲೆತ್ತುತ್ತಿರಲಿಲ್ಲ. "ಕಥಿ ಹೇಳೋದು ನನ್ನ ಕೆಲಸ, ಕಾಯೋದು ನಿನ್ನ ಕೆಲಸ. ತಪ್ಪು ಹೇಳಿದ್ರ ಅಲ್ಲೇ ತಡೀಬೇಕು" ಎನ್ನುತ್ತಿದ್ದಳು. ಆ ರೂಢಿಯನ್ನೇ ಅವನು ತನ್ನ ಸಂಸಾರಕ್ಕೂ ತಂದಿದ್ದ. ಬರೆದದ್ದನ್ನು ಸಂಜೆ ಮೇಘಾಳ ಮುಂದೆ ಓದುವುದು, ಅವಳು ಹೂಂಗುಟ್ಟುವುದು. ಜವಳಗೇರಾದ ಸಾಲಿಯಲ್ಲಿ ಮಕ್ಕಳಿಗೆ ಪಾಠ ಹೇಳಿ ದಣಿದು ಬಂದವಳು, ಮೊದಲನೇ ಭಾಗ ಬರೆಯುವಾಗ ಕೈಯಲ್ಲಿ ಕಾಯಿಪಲ್ಲೆ ಹೆಚ್ಚುತ್ತ ಅವನನ್ನು ಮಾತುಮಾತಿಗೆ ತಡೆಯುತ್ತಿದ್ದಳು. ನಿಲ್ರೀ, ಆಕಿ ಯಾಕ ಅವನ ಮಾತು ಕೇಳಬೇಕು? ನಿಲ್ರೀ, ಕುರಿ ಎಲ್ಲಿ ಹೋದ್ವು? ಎರಡು ಪುಟದಿಂದ ಕುರಿಗೆ ನೀರಿಲ್ಲ, ನೀವು ಗುಡ್ಡದ ಚಂದ ಹೇಳಿಕೋತ ಕುಂತೀರಿ! ಸಿಟ್ಟು ಬರುತ್ತಿತ್ತು ಅವನಿಗೆ. ಎಷ್ಟೋ ಸಲ ಹಾಳೆ ಎಸೆದು ಎದ್ದುಹೋಗಿದ್ದ. ಎರಡನೇ ಭಾಗದ ನಡುವೆಲ್ಲೋ ಅವಳು ತಡೆಯುವುದನ್ನು ಬಿಟ್ಟಳು. ಹೂಂ, ಹೂಂ, ಹೂಂ. ಒಂದೇ ಸಮನೆ, ಎಲ್ಲಿಯೂ ಕಡಿಯದ ಹೂಂ. ತಾನು ಪಳಗಿದ್ದೇನೆ ಎಂದುಕೊಂಡ ನಿಂಗರಾಜ. ತಡೆಯಲು ಅವಳಿಗೊಂದು ತಪ್ಪೂ ಸಿಗುತ್ತಿಲ್ಲ ಎಂದು ಒಳಗೊಳಗೇ ಬೀಗಿದ. ಪುಸ್ತಕ ಅಚ್ಚಾಗಿ ಬಂದು ಊರೆಲ್ಲ ಮೂಗು ಮುರಿಯತೊಡಗಿದಾಗಲೂ ಅವನು ಆ ಹೂಂ ಒಂದನ್ನೇ ಹಿಡಿದುಕೊಂಡು ನಿಂತಿದ್ದ. ಮೇಘಾ ಒಪ್ಪಿದ್ದಾಳೆ, ಉಳಿದವರು ಏನಾದರೂ ಅಂದುಕೊಳ್ಳಲಿ. ಆದರೆ ಇವತ್ತು ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದವಳನ್ನು, "ಎರಡನೇದು ಖರೇನ ಹೆಂಗೈತಿ ಹೇಳು" ಎಂದು ಕೇಳಿದಾಗ, ಅವಳು ಹೆಂಚಿನ ಮೇಲಿನ ರೊಟ್ಟಿಯಿಂದ ಕಣ್ಣು ತೆಗೆಯದೆ "ಛಲೋ ಐತಿ" ಎಂದಿದ್ದಳು. ಪಕ್ಕದ ಮನೆಯವರು ಕೊಟ್ಟ ಸಾರಿಗೂ ಅವಳು ಹಾಗೆಯೇ ಅನ್ನುತ್ತಾಳೆ. "ನೀನೂ ಬಾ ಲಿಂಗಸುಗೂರಿಗೆ" ಎಂದರೆ, "ಬಟ್ಟಿ ಅದಾವ್ರಿ" ಎಂದಳು.

ಲಿಂಗಸುಗೂರಿನ ಸಭೆ ಒಂದು ಹಳೆಯ ಓದುಮನೆಯ ಮಹಡಿಯ ಮೇಲಿತ್ತು. ಬಾಗಿಲಲ್ಲಿ ಕಟ್ಟಿದ ಬ್ಯಾನರಿನ ಮೇಲೆ ಮೊದಲನೇ ಭಾಗದ ಮುಖಪುಟದ ಚಿತ್ರ ಹಾಕಿಸಿದ್ದರು. ಎರಡನೆಯದರ ಹೆಸರು ಅದರ ಕೆಳಗೆ ಸಣ್ಣಕ್ಷರದಲ್ಲಿ, ಮದುವೆ ಕಾರ್ಡಿನಲ್ಲಿ ದೂರದ ನೆಂಟರ ಹೆಸರು ಹಾಕಿದಂತೆ. ಚಿತ್ರ ಬದಲಾಗಿದೆ ಎಂದು ಹೇಳಲೋ ಬೇಡವೋ ಎಂದು ಅವನು ಒದ್ದಾಡುತ್ತಿರುವಾಗಲೇ ಹೆಗಲಿಗೆ ಶಾಲು ಬಿತ್ತು, ಕೈಗೆ ಹಣ್ಣಿನ ಬುಟ್ಟಿ ಬಂತು. ಖಾಲಿ ಕುರ್ಚಿಗಳು ಹೆಚ್ಚಾಗಿ ಕಾಣದಿರಲೆಂದು ಸಂಘಟಕರು ಬಂದವರನ್ನೆಲ್ಲ ಮುಂದೆ ಬರ್ರಿ, ಮುಂದೆ ಬರ್ರಿ ಎಂದು ಎಳೆದು ಕೂರಿಸುತ್ತಿದ್ದರು. ಕಾಲೇಜಿನ ಅಧ್ಯಾಪಕ ವೀರೇಂದ್ರ ಮೊದಲು ಮಾತನಾಡಿದರು. ಬಹಳ ಹೊತ್ತು ಮೊದಲನೇ ಭಾಗವನ್ನೇ ಹೊಗಳಿದರು. ಸತ್ತವರ ಬಗ್ಗೆ ಮಾತನಾಡುವಾಗ ಬರುವ ಒಂದು ಬಗೆಯ ಧಾರಾಳತನ ಅವರ ದನಿಯಲ್ಲಿತ್ತು. ಆಮೇಲೆ ಕನ್ನಡಕ ತೆಗೆದು, "ಮೂರು ಭಾಗದ ಕಥೆಗಳಲ್ಲಿ ನಡುವಿನದರ ಹಣೆಬರಹವೇ ಹೀಗೆ. ಅದಕ್ಕೆ ಆರಂಭದ ಬೆರಗೂ ಇಲ್ಲ, ಮುಗಿಯುವ ತೃಪ್ತಿಯೂ ಇಲ್ಲ. ಅದೊಂದು ಸೇತುವೆ, ದಾಟಿಹೋಗಲು ಇರುವಂಥದು" ಎಂದರು. ಹಿಂದಿನಿಂದ ಯಾರೋ, "ಸೇತುವಿ ಮ್ಯಾಲ ಮನೀನ ಕಟ್ಟಿಬಿಟ್ಟಾರಲ್ರೀ" ಎಂದರು. ಸಭೆಗೆ ಜೀವ ಬಂದದ್ದು ಆಗಲೇ. ಎಲ್ಲರೊಂದಿಗೆ ನಿಂಗರಾಜನೂ ನಕ್ಕ, ಸ್ವಲ್ಪ ಹೆಚ್ಚಾಗಿಯೇ ನಕ್ಕ. ಇಂಥ ಮಾತಿಗೆ ಬೇಸರಿಸುವವನಲ್ಲ ತಾನು ಎಂದು ತೋರಿಸಬೇಕಿತ್ತಲ್ಲ. ಮಹೇಶ್ವರಿ ಎಂಬ ವಿದ್ಯಾರ್ಥಿನಿ ಎದ್ದು ನಿಂತು, "ಸರ್, ಸಿಟ್ಟಾಗಬ್ಯಾಡ್ರಿ. ನಾ ನಡುವಿನ ಪುಟದಿಂದ ಸೀದಾ ಕೊನೀ ಪುಟಕ್ಕ ಹೋದೆ. ಅವ್ರು ಅಲ್ಲೇ ಕುಂತಿದ್ರು" ಎಂದಳು. ಮತ್ತೆ ನಗು. ಪಾಪ, ಹುಡುಗಿ ಕೆಣಕಲೆಂದು ಹೇಳಿರಲಿಲ್ಲ, ಹೇಳಿದ ಮೇಲೆ ಅವಳ ಮುಖವೇ ಕೆಂಪಾಯಿತು. ಇದನ್ನೆಲ್ಲ ತಡೆದುಕೊಳ್ಳಬಹುದಿತ್ತು. ಮೂರನೇ ಭಾಗ ಬಂದಾಗ ಇವರೇ ಬಂದು ಕೈ ಕುಲುಕುತ್ತಾರೆ ಎಂದು ಅವನು ಹಲ್ಲು ಕಚ್ಚಿ ಕೂತಿದ್ದ.

ತಡೆದುಕೊಳ್ಳಲಾಗದ್ದು ಬಂದದ್ದು ಕೊನೆಗೆ. ಮಸ್ಕಿಯಲ್ಲಿ ಔಷಧಿ ಅಂಗಡಿ ಇಟ್ಟುಕೊಂಡಿದ್ದ ಆನಂದಕುಮಾರ ಎಂಬಾತ ಎರಡೂ ಪುಸ್ತಕಗಳನ್ನು ಎದೆಗವಚಿಕೊಂಡು ಎದ್ದು ನಿಂತ. ಮೊದಲನೆಯದು ಓದಿ ಓದಿ ಬೆನ್ನು ಹರಿದು, ಅಂಗಡಿಯ ಬಿಳಿ ಟೇಪು ಸುತ್ತಿಕೊಂಡಿತ್ತು. ಮನೆಯಲ್ಲಿ ತನ್ನ ಮಗಳನ್ನು ಚಿಗರಿ ಎಂದೇ ಕರೆಯುತ್ತೇವೆ ಎಂದು ಹೇಳಿಕೊಂಡ; ಹೆಜ್ಜೆಗೊಂದು ಯಾಕ ಅಂತಾಳ, ಥೇಟ್ ನಿಮ್ಮ ಹುಡುಗೀನ ಎಂದ. ಜನ ಚಪ್ಪಾಳೆ ತಟ್ಟಿದರು. ಅವನು ಕೂರಲಿಲ್ಲ. "ನಂದೊಂದು ಸಂಶಯ ಐತ್ರಿ ಸರ. ಎರಡನೇದ್ರಾಗ ಹನ್ನೆರಡನೇ ಅಧ್ಯಾಯದಿಂದ ಆಕಿ ಒಂದು ಮಾತೂ ಆಡಂಗಿಲ್ಲ. ಕಲ್ಲೂರಿನ ಬಾಗಿಲ ಮುಂದ ಸುಮ್ನ ಕುಂತುಬಿಡ್ತಾಳ. ಉಳದೋರು ಮಾತಾಡ್ತಾರ, ಈಕಿ ಹೂಂ ಅಂತಾಳ, ಅಷ್ಟ. ಆಕಿಗೆ ಏನಾತ್ರಿ ಸರ? ಯಾರರ ಏನರ ಅಂದ್ರಾ? ನಾ ಹಾಳಿ ಹಾರಿಸಿ ಓದೀನೋ ಏನೋ ಅಂತ ತಿರುಗಿ ತಿರುಗಿ ನೋಡಿದೆ. ನಡುವ ಪುಟ ಬಿಟ್ಟು ಹೊಲಿದಾರ ಅಂತ ತಿಳಕೊಂಡು ಗೆಳ್ಯಾನ ಹಂತ್ಯಾಕ ಇದ್ದದ್ದನ್ನೂ ತರಿಸಿ ನೋಡಿದೆ. ಅದ್ರಾಗೂ ಇಲ್ಲ." ಯಾರೂ ನಗಲಿಲ್ಲ. ನಿಂಗರಾಜ ಮೈಕು ಹಿಡಿದುಕೊಂಡು, ಮೌನವೂ ಒಂದು ಪ್ರತಿರೋಧ, ಅಧಿಕಾರದ ಬಾಗಿಲಲ್ಲಿ ಭಾಷೆ ಸೋಲುತ್ತದೆ, ಚಿಗರಿಯ ಮೌನವನ್ನು ಆ ದೃಷ್ಟಿಯಿಂದ ನೋಡಬೇಕು ಎಂದೆಲ್ಲ ಹೇಳಿದ. ಹೇಳುತ್ತಿದ್ದಂತೆಯೇ ಅದು ಸುಳ್ಳು ಎಂದು ಅವನಿಗೆ ತಿಳಿಯುತ್ತಿತ್ತು. ಬರೆಯುವಾಗ ಅಂಥದ್ದೇನೂ ಅವನ ತಲೆಯಲ್ಲಿರಲಿಲ್ಲ. ಅವಳು ಸುಮ್ಮನಾಗಿದ್ದಾಳೆ ಎಂಬುದನ್ನೇ ಅವನು ಗಮನಿಸಿರಲಿಲ್ಲ. "ಹಂಗಾದ್ರ ಸರಿ ಬಿಡ್ರಿ" ಎಂದು ಆನಂದಕುಮಾರ ಕೂತ. ಅವನ ಮುಖದಲ್ಲಿ ಮಾತ್ರ ಏನೂ ಸರಿಯಾಗಿರಲಿಲ್ಲ.

ವಾಪಸು ಬರುವ ಬಸ್ಸಿನಲ್ಲಿ ಶಾಲನ್ನು ಮಡಚಿ ಚೀಲಕ್ಕೆ ತುರುಕಿ ಅವನು ಹನ್ನೆರಡನೇ ಅಧ್ಯಾಯ ತೆಗೆದ. ಅಂಗಡಿಯವನ ಮಾತು ಖರೆ. ಹನ್ನೊಂದರ ಕೊನೆಯಲ್ಲಿ ಚಿಗರಿ ನೀರಗಂಟಿಯ ತೋಳು ಹಿಡಿದು, ನಿನಗೊಂದು ಮಾತು ಹೇಳಬೇಕು ಅಜ್ಜ, ಎನ್ನುತ್ತಾಳೆ. ಹನ್ನೆರಡರಲ್ಲಿ ಬಾಗಿಲು, ಬಂಡೆ, ಮೇಲ್ದಣಿಯ ಕಾವಲುಗಾರರು, ಕೋಟೆಯ ಏಳು ಸುತ್ತಿನ ವರ್ಣನೆ. ಅವಳು ಹೇಳಬೇಕೆಂದದ್ದು ಏನು? ಎಲ್ಲಿಯೂ ಇಲ್ಲ. ನಾನೂರು ಪುಟದಲ್ಲಿ ಅವಳು ಅದನ್ನು ಹೇಳುವುದಿಲ್ಲ, ಯಾರೂ ಕೇಳುವುದಿಲ್ಲ, ಬರೆದವನೂ ಮರೆತಿದ್ದಾನೆ! ಮುಂದಿನ ಸೀಟಿನ ಕಬ್ಬಿಣದ ಸರಳಿಗೆ ಹಣೆ ಒತ್ತಿ ಕೂತಾಗ ಹನ್ನೆರಡನೇ ಅಧ್ಯಾಯ ಓದಿದ ಆ ಸಂಜೆ ನೆನಪಾಯಿತು. ಹಾಳೆಗಳು ಇನ್ನೂ ಬಿಸಿಯಾಗಿದ್ದವು ಅನ್ನಬೇಕು, ಅಷ್ಟು ಆತುರದಲ್ಲಿದ್ದ. ಮೇಘಾ ಅವತ್ತು ಕಾಯಿಪಲ್ಲೆ ಹೆಚ್ಚುತ್ತಿರಲಿಲ್ಲ. ಕೈ ತೊಳೆದು, ತಲೆ ಬಾಚಿಕೊಂಡು ಬಂದು, ಅವನೆದುರಿಗೆ ಚಾಪೆಯ ಮೇಲೆ ಕೂತು, "ಒಂದು ಮಾತು ಹೇಳೋದೈತ್ರಿ" ಎಂದಿದ್ದಳು. ಮುಖದಲ್ಲಿ ಏನಿತ್ತು? ನೋಡಿರಲಿಲ್ಲ. "ಹೇಳಂತಿ, ಮೊದಲು ಇದೊಂದು ಕೇಳಿಬಿಡು" ಎಂದು ಓದಲು ಹತ್ತಿದ್ದ. ಹೂಂ ಎಂದಳು. ಕೋಟೆಯ ಏಳೂ ಸುತ್ತು ಮುಗಿಯುವ ತನಕ ಹೂಂ ಎಂದಳು. ಆಮೇಲೆ ಅವನು ಅವಳನ್ನು ಆ ಮಾತು ಕೇಳಿದ್ದನೇ? ಕೇಳಿರಬೇಕು. ಕೇಳಿರಲೇಬೇಕು, ಅಷ್ಟು ಕೆಟ್ಟವನೇ ತಾನು? ಎಷ್ಟು ತಡಕಿದರೂ ಅಂಥದ್ದೊಂದು ನೆನಪು ಸಿಗಲಿಲ್ಲ.

ಸಿಕ್ಕಿದ್ದು ಬೇರೆಯದು. ಅದಾದ ಕೂಡಲೇ ಮೇಘಾ ತುರ್ವಿಹಾಳಕ್ಕೆ ತವರಿಗೆ ಹೋಗಿದ್ದಳು, ಅವ್ವಗ ಮೈಯಾಗ ಹುಷಾರಿಲ್ಲ ಎಂದು ಅಲ್ಲಿಂದಲೇ ಫೋನು ಮಾಡಿ ತಿಳಿಸಿದ್ದಳು. ಹುಷಾರಿಲ್ಲದ ಆ ಅತ್ತೆ ಪಾರ್ವತೆಮ್ಮನೇ ಕೆಲವು ದಿನ ಬಿಟ್ಟು ಮಗಳನ್ನು ಕರೆದುಕೊಂಡು ಬಂದಳು, ತಲೆಯ ಮೇಲೆ ಗಂಟು ಹೊತ್ತುಕೊಂಡು, ಗಟ್ಟಿಮುಟ್ಟಾಗಿ. ಅಳಿಯನ ಮುಖ ನೋಡದೆ ಸೀದಾ ಅಡುಗೆಮನೆಗೆ ಹೋದಳು. ಗಂಟಿನಲ್ಲಿ ಒಂದು ಡಬ್ಬಿ ಅಂಟಿನುಂಡಿ ಇತ್ತು. ಕೊಬ್ಬರಿ, ಉತ್ತತ್ತಿ, ತುಪ್ಪದಲ್ಲಿ ಹುರಿದ ಅಂಟು. ಬರೆಯುವ ಮೇಜಿನ ಮೇಲೆ ಆ ಡಬ್ಬಿ ಇಟ್ಟುಕೊಂಡು ಅಧ್ಯಾಯಕ್ಕೊಂದರಂತೆ ಅವನು ತಿಂದಿದ್ದ. ಅತ್ತೀ, ನಿಮ್ಮ ಕೈ ಉಂಡಿ ಅಂದ್ರ ಉಂಡಿ ಎಂದು ಹೊಗಳಿಯೂ ಇದ್ದ. ಪಾರ್ವತೆಮ್ಮ ಆಗ ಮಗಳ ಕಡೆ ನೋಡಿದ್ದಳು, ಮೇಘಾ ನೆಲ ನೋಡಿದ್ದಳು. ಅಂಟಿನುಂಡಿ ಯಾರಿಗೆ ಕಟ್ಟುತ್ತಾರೆ? ಬಾಣಂತಿಯರಿಗಲ್ಲವೇ? ಚಳಿಗಾಲದಲ್ಲಿ ಎಲ್ಲರೂ ತಿನ್ನುತ್ತಾರಪ್ಪ, ಅದಕ್ಕೇನು ಎಂದು ಒಂದು ಮನಸ್ಸು ಹೇಳಿತು. ಅದು ಚಳಿಗಾಲವಾಗಿರಲಿಲ್ಲ ಎಂದು ಇನ್ನೊಂದು ಹೇಳಿತು. ನಾಟಿಯ ಹೊತ್ತು; ಕಾಲುವೆಗೆ ಆಗಷ್ಟೇ ನೀರು ಬಿಟ್ಟಿದ್ದರು, ಕಚೇರಿಯಲ್ಲಿ ನೀರು ಮುಟ್ಟದ ಕೊನೆ ಹಳ್ಳಿಗಳವರ ತಕರಾರು ಶುರುವಾಗಿತ್ತು. ಬಸ್ಸು ಮಸ್ಕಿಯಲ್ಲಿ ನಿಂತಿತು, ಜನ ಇಳಿದರು, ಹತ್ತಿದರು. ಒಬ್ಬ ಬಾಣಂತಿ ಕಿವಿಗೆ ಬಟ್ಟೆ ಕಟ್ಟಿಕೊಂಡು ಕೂಸಿನೊಡನೆ ಹತ್ತಿದಾಗ ನಿಂಗರಾಜ ದಡಕ್ಕನೆ ಎದ್ದು ಜಾಗ ಬಿಟ್ಟುಕೊಟ್ಟ, ಸಿಂಧನೂರಿನ ತನಕ ನಿಂತೇ ಬಂದ.

ಮನೆ ಮುಟ್ಟಿದಾಗ ಇನ್ನೂ ಬೆಳಕಿತ್ತು. ಮೇಘಾ ಒಣಗಿದ ಬಟ್ಟೆಗಳನ್ನು ಮಂಚದ ಮೇಲೆ ರಾಶಿ ಹಾಕಿಕೊಂಡು ಮಡಚುತ್ತಿದ್ದಳು. ಗೋಡೆಯ ಮೇಲಿನ ಬುದ್ಧನ ಚಿತ್ರದ ಕೆಳಗೆ ಆಗಲೇ ಮೇಣದ ಬತ್ತಿ ಹಚ್ಚಿದ್ದಳು. "ಹೆಂಗಾತ್ರಿ?" ಎಂದಳು. "ಛಲೋ ಆತು" ಎಂದ. ಅವಳು ನೀರು ತಂದು ಕೊಟ್ಟಳು. ಕುಡಿದು, ಲೋಟ ಕೈಯಲ್ಲೇ ಹಿಡಿದುಕೊಂಡು, ಹೇಗೆ ಶುರು ಮಾಡಬೇಕೋ ತಿಳಿಯದೆ, ಅಂಗಡಿಯವನು ತನ್ನನ್ನು ಕೇಳಿದ ಹಾಗೆಯೇ ಇವನೂ ಕೇಳಿಬಿಟ್ಟ.

"ಎರಡನೇದು ಓದುವಾಗ ಹನ್ನೆರಡನೇ ಅಧ್ಯಾಯದಿಂದ ಮುಂದ ನೀ ಒಂದ ಸಲಾನೂ ತಡೀಲಿಲ್ಲ. ಯಾಕ?"

"ಹೂಂ ಅಂದ್ನೆಲ್ರೀ."

"ಹೂಂ ಅಂದಿ. ಕೇಳಿದೇನು?"

ಅವಳು ಅವನ ಅಂಗಿಯ ತೋಳುಗಳನ್ನು ಹಿಂದಕ್ಕೆ ಮಡಚಿ, ಎದೆಯ ಮೇಲೆ ಕೈಯಾಡಿಸಿ ಸುಕ್ಕು ತೆಗೆದು, ರಾಶಿಯ ಮೇಲಿಟ್ಟಳು. "ಇಲ್ರಿ" ಎಂದಳು. "ಆ ಕೋಟೀ ಏಳು ಸುತ್ತು ಓದಿದ್ರಲ್ಲ, ಅಲ್ಲಿಂದ ಮುಂದ ನನಗ ಒಂದೂ ಗೊತ್ತಿಲ್ಲ."

"ಅವತ್ತು ಏನೋ ಹೇಳೋದೈತಿ ಅಂದಿದ್ದಿ."

"ಅಂದಿದ್ದೆ."

"ಏನು ಮೇಘಾ?"

"ಈಗ್ಯಾಕ ಬಿಡ್ರಿ ಅದು. ಕೈ ಕಾಲು ತೊಳಕೋರಿ, ಚಾ ಇಡ್ತೀನಿ."

ಅವನು ಏಳಲಿಲ್ಲ. ಅವಳೂ ಚಹಾಕ್ಕೆ ಹೋಗಲಿಲ್ಲ. ಮತ್ತೊಂದು ಬಟ್ಟೆ ಎತ್ತಿಕೊಂಡು, ಅದನ್ನು ನೋಡುತ್ತಲೇ ಹೇಳಿದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಸಿಟ್ಟಾದರೂ ಇದ್ದಿದ್ದರೆ ಎನ್ನಿಸಿತು ಅವನಿಗೆ. "ತಿಂಗಳು ನಿಂತಿತ್ರಿ. ಎರಡು ತಿಂಗಳಾಗಿತ್ತು. ಖಾತ್ರಿ ಮಾಡಕೊಂಡ ಹೇಳೂಣು ಅಂತ ತಡದಿದ್ದೆ. ಅವತ್ತು ಹೇಳಬೇಕಂತ ಕುಂತೆ. ಇದೊಂದು ಕೇಳಿಬಿಡು ಅಂದ್ರಿ, ಕೇಳಿದೆ. ಮುಗಿದ ಕೂಡ್ಲೆ ಹೆಂಗೈತಿ, ಹೆಂಗೈತಿ ಅಂತ ನೀವ ಕೇಳಿದ್ರಿ. ಛಲೋ ಐತಿ ಅಂದೆ. ಉಂಡು ಮಕ್ಕೊಂಡ್ರಿ. ಮರುದಿನ ಸಾಲಿಯಿಂದ ಬರೋವಾಗ ಬಸ್ಸಿನ್ಯಾಗ ಹೊಟ್ಟಿ ಹಿಡಕೊಂತು. ಮನಿಗೆ ಬರಲಿಲ್ಲ, ಹಂಗ ತುರ್ವಿಹಾಳದ ಬಸ್ ಹತ್ತಿ ಅವ್ವನ ಕಡೆ ಹೋದೆ. ಅಲ್ಲೇ ಎಲ್ಲಾ ಆತು."

"ನನಗ್ಯಾಕ ಹೇಳಲಿಲ್ಲ?" ಎಂದ. ಕೇಳಬಾರದಿತ್ತು. ಕೇಳಿದ ಮೇಲೆ ತನ್ನ ಬಾಯಿಗೆ ತಾನೇ ಹೊಡೆದುಕೊಳ್ಳಬೇಕೆನಿಸಿತು.

"ಆಮ್ಯಾಲ ಫೋನ್ ಮಾಡಿದ್ರೆಲ್ರಿ ನೀವು. ಹೇಳಬೇಕಂತನ ಎತ್ತಿದೆ. ಯಾವಾಗ ಬರ್ತಿ, ಅಧ್ಯಾಯ ಹಂಗ ನಿಂತೈತಿ ಅಂದ್ರಿ." ಮೇಘಾ ಅಷ್ಟು ಹೊತ್ತು ಕೈಯಲ್ಲಿ ಹಿಡಿದ ಬಟ್ಟೆಯನ್ನು ಮಡಚದೆ ಹಾಗೆಯೇ ಕೆಳಗಿಟ್ಟಳು. "ಬಂದ ಮ್ಯಾಲ ಓದಾಕ ಹತ್ತಿದ್ರಿ. ಹೂಂ ಅಂತಿದ್ದೆ. ಹೂಂ ಬಿಟ್ರ ನೀವು ತೆಲಿ ಎತ್ತಿ ನನ್ನ ಮಾರಿ ನೋಡ್ತಿದ್ರಿ. ನನಗ ನೀವು ನೋಡೋದು ಬ್ಯಾಡಾಗಿತ್ತು. ಅದಕ್ಕ ತಡೀಲಿಲ್ಲ."

ನಿಂಗರಾಜನಿಗೆ ಮೊದಲು ಬಂದದ್ದು ಆ ಉಂಡೆಗಳ ರುಚಿ. ನಾಲಿಗೆಯ ಮೇಲೆ ತುಪ್ಪ, ಹಲ್ಲಿಗೆ ಸಿಕ್ಕಿದ ಅಂಟು. ಹೆಂಡತಿಯ ಹಸಿಮೈಗೆಂದು ಅವಳವ್ವ ಕಟ್ಟಿ ತಂದದ್ದನ್ನು ಒಂದೊಂದಾಗಿ ತಿಂದು, ಕೈ ಒರೆಸಿಕೊಂಡು, ಬಾಗಿಲು ತೆರೆಯದ ಕೋಟೆಯನ್ನು ಬರೆದ ಆ ಸಂಜೆಗಳೆಲ್ಲ ಗಂಟಲಿಗೆ ಬಂದವು. ಥೂ ನಿನ್ನ, ಎಂದು ಅವನು ತನಗೆ ತಾನೇ ಅಂದುಕೊಂಡ. ದುಃಖವೂ ಆಯಿತು, ತಾನು ಕಾಣದೆ ಹೋದ ಒಂದು ಕೂಸಿನ ಬಗ್ಗೆ, ಬಸ್ಸಿನಲ್ಲಿ ಹೊಟ್ಟೆ ಹಿಡಿದುಕೊಂಡು ಒಬ್ಬಳೇ ಕೂತಿದ್ದ ಮೇಘಾಳ ಬಗ್ಗೆ; ಅವಳನ್ನು ಆ ಬಸ್ಸಿನಿಂದ ಎತ್ತಿಕೊಂಡು ಮನೆಗೆ ತರುವ ಹಾಗಿದ್ದರೆ ಏನು ಬೇಕಾದರೂ ಕೊಡುತ್ತಿದ್ದ. ಇದೆಲ್ಲ ಖರೆ. ಆದರೆ ಇದರ ಬೆನ್ನಿಗೇ, ಕರೆಯದ ನೆಂಟನ ಹಾಗೆ, ಇನ್ನೊಂದು ಬಂದು ನಿಂತಿತು: ಆನಂದಕುಮಾರ ಹುಡುಕಿದ ಪುಟ ಇದೇ. ಚಿಗರಿ ನೀರಗಂಟಿಯ ತೋಳು ಹಿಡಿದು ಹೇಳಬೇಕೆಂದದ್ದು ಇದನ್ನೇ. ಅವಳು ಸುಮ್ಮನಾದದ್ದು ಇದಕ್ಕೇ. ನಾಲ್ಕನೇ ತೂಬು ಮಾಟದಿಂದ ತೆರೆಯುವುದಲ್ಲ, ಬಾಗಿಲಲ್ಲಿ ಕೂತವಳು ಇದನ್ನು ಹೇಳಿದ ದಿನ ತೆರೆಯುತ್ತದೆ. ಮೂರನೇ ಭಾಗ ಇಡಿಯಾಗಿ, ಮೊದಲ ಸಾಲಿನ ಸಮೇತ, ಕಣ್ಣ ಮುಂದೆ ಬಿಚ್ಚಿಕೊಂಡಿತು. ಎದೆ ಹಾರಿತು. ಹಾರಿದ್ದು ಸಂತೋಷಕ್ಕೆ ಎಂದು ತಿಳಿದು ಅವನಿಗೆ ಹೇಸಿಗೆಯಾಯಿತು.

ಮೇಘಾ ಅವನನ್ನೇ ನೋಡುತ್ತಿದ್ದಳು.

"ಏನು ವಿಚಾರ ಮಾಡಾಕತ್ತೀರಿ?"

"ಏನಿಲ್ಲ."

"ನಿಮ್ಮ ಮಾರಿ ನನಗ ಗೊತ್ತೈತ್ರಿ" ಎಂದಳು ಅವಳು. ಈಗ ಮೊದಲ ಸಲ ಅವಳ ದನಿ ಅಲುಗಾಡಿತು. "ಇದನ್ನ ಬರೀಬ್ಯಾಡ್ರಿ. ನಾ ಅಂದದ್ದೆಲ್ಲಾ ಒಯ್ದು ಆ ಚಿಗರಿಗೆ ಕೊಟ್ಟ್ರಿ. ನಾ ಯಾಕ ಯಾಕ ಅನ್ನೋದು, ನನ್ನ ಸ್ವಭಾವ, ನನ್ನ ಮಾತು, ಎಲ್ಲಾನೂ. ನಾನೂ ಕೊಟ್ಟೆ, ಖುಷೀಲೆ ಕೊಟ್ಟೆ. ಇದೊಂದು ಕೊಡಬ್ಯಾಡ್ರಿ. ಇದು ನಂದು."

ಮೇಜಿನ ಮೇಲೆ ಫೋನು ಬಡಿದುಕೊಳ್ಳತೊಡಗಿತು. ಹನುಮಂತರಾಯರು. ಒಮ್ಮೆ ನಿಂತು ಮತ್ತೆ ಬಡಿದುಕೊಂಡಿತು. "ಎತ್ರಿ" ಎಂದಳು ಮೇಘಾ. ಎತ್ತಿದ. ರಾಯರು ಕೇಳುವ ಮೊದಲೇ, "ಮೂರನೇದು ಇಲ್ರಿ ರಾಯರ, ನಾ ಬರಿಯಂಗಿಲ್ಲ" ಎಂದ. "ಯಾಕ್ರಿ, ಲಿಂಗಸುಗೂರಾಗ ಏನರ ಅಂದ್ರೇನು? ಅಂದೋರು ಅಂತಾರ, ಮನಸಿಗೆ ಹಚ್ಚಕೋಬಾರದು." "ಇಲ್ರಿ, ಎಲ್ಲಾರೂ ಛಲೋ ಮಾತಾಡಿದ್ರು." "ಹಂಗಾದ್ರ ಮೊದಲನೇದೂ ಹೋತು ನೋಡ್ರಿ. ಆಮ್ಯಾಲ ನನಗ ಅನಬ್ಯಾಡ್ರಿ." "ಹೋಗ್ಲಿ ಬಿಡ್ರಿ" ಎಂದು ಇಟ್ಟುಬಿಟ್ಟ. ಇಷ್ಟು ಸಲೀಸಾಗಿ ಹೇಳಿದೆನೇ ಎಂದು ಅವನಿಗೇ ಅಚ್ಚರಿಯಾಯಿತು. ಮೊದಲನೇ ಭಾಗದ ಟೇಪು ಸುತ್ತಿದ ಬೆನ್ನು ಕಣ್ಣಿಗೆ ಕಟ್ಟಿತು, ಆದರೂ ಮಾತು ಹಿಂದಕ್ಕೆ ತೆಗೆದುಕೊಳ್ಳಬೇಕೆನಿಸಲಿಲ್ಲ. ಮೇಘಾ ಬಟ್ಟೆಗಳನ್ನು ಪಕ್ಕಕ್ಕೆ ಸರಿಸಿ ಜಾಗ ಮಾಡಿದಳು. ಅವನು ಹೋಗಿ ಕೂತ. ಎಷ್ಟೋ ದಿನಗಳಿಂದ ಕಟ್ಟಿಕೊಂಡಿದ್ದದ್ದು ಅವಳಿಗೆ ಈಗ ಒಡೆಯಿತು. ಅವನ ಹೆಗಲಿಗೆ ಹಣೆ ಹಚ್ಚಿ, ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. ಅವನೂ ಅತ್ತ. ಅವನ ಅಳು ಸುಳ್ಳಾಗಿರಲಿಲ್ಲ. ಅವಳ ಬೆನ್ನ ಮೇಲೆ ಕೈಯಿಟ್ಟು ತಪ್ಪಾತು, ತಪ್ಪಾತು ಎಂದು ಅವನು ಅನ್ನುತ್ತಿದ್ದಂತೆಯೇ, ಕಲ್ಲೂರಿನ ಬಾಗಿಲಲ್ಲಿ ಇಷ್ಟು ಕಾಲ ಸುಮ್ಮನೆ ಕೂತಿದ್ದ ಚಿಗರಿ ಮೊಣಕಾಲ ಮೇಲೆ ಕೈಯೂರಿ ಎದ್ದು ನಿಂತಳು. ಕುಂದ್ರು, ಎಂದು ಅವನು ಒಳಗೇ ಗದರಿದ. ಅವಳು ಕೂರಲಿಲ್ಲ.